ಮೀನಿನ ತೊಟ್ಟಿಗೆ ಬೆಳಕಿನ ಲೆಕ್ಕ

ದೊಡ್ಡದೊಂದು ಮೀನಿನ ತೊಟ್ಟಿಗೆ ದೀಪ ಬೇಕೆಂದು ಅಂಗಡಿಗೆ ಹೋದರೆ ಅಂಗಡಿಯವರು ಮೊದಲು ಕೇಳುವ ಪ್ರಶ್ನೆ, “ಎಷ್ಟು ವ್ಯಾಟಿನದು ಕೊಡಲಿ?” ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ವ್ಯಾಟೆಂಬುದು ದೀಪವು ವಿದ್ಯುಚ್ಛಕ್ತಿಯನ್ನು ಬಳಸುವ ದರದ ಅಳತೆಯೇ ಹೊರತು ಅದು ಕೊಡುವ ಬೆಳಕಿನ ಅಳತೆಯಲ್ಲ. ಎತ್ತು ಎಷ್ಟು ಮೇವು ತಿಂದಿತೆಂಬುದರಿಂದ ಅದು ಎಷ್ಟು ಹೊಲ ಉತ್ತಿತೆಂದು ಹೇಳಲಾದೀತೆ? ತಂತಿ ಕಾದು ಬೆಳಗುವ ಬಲ್ಬುಗಳ ಕಾಲದಲ್ಲಿ ಎಲ್ಲ ಎತ್ತುಗಳೂ ಹೆಚ್ಚು ಕಡಿಮೆ ಒಂದೇ ತಳಿಯವಾಗಿದ್ದುದರಿಂದ ಈ ಲೆಕ್ಕ ಹೇಗೋ ನಡೆಯುತ್ತಿತ್ತು. ಇಂದಿನ ಎಲ್.ಇ.ಡಿ. ದೀಪಗಳಲ್ಲಿ ಒಂದೇ ವ್ಯಾಟಿಗೆ ಒಂದು ದೀಪ ಇನ್ನೊಂದರ ಎರಡರಷ್ಟು ಬೆಳಕು ಕೊಡುವುದುಂಟು. ಆ ಬೆಳಕಿನ ಬಣ್ಣವೂ ಬೇರೆಯಾಗಿರುವುದುಂಟು. ಆದುದರಿಂದ ಪ್ರಶ್ನೆಯನ್ನು ತಿರುಗಿಸಿ, ನೀರಿನ ತಳದಲ್ಲಿ ಬೆಳೆಯುವ ಗಿಡಕ್ಕೆ ಎಷ್ಟು ಬೆಳಕು ಮುಟ್ಟಬೇಕು ಎಂಬಲ್ಲಿಂದ ಆರಂಭಿಸುವುದು ಯುಕ್ತ.

ಲೆಕ್ಕಕ್ಕೆ ಒಂದು ನಿರ್ದಿಷ್ಟವಾದ ತೊಟ್ಟಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಉದ್ದ ಆರು ಅಡಿ, ಅಗಲ ಎರಡು ಅಡಿ, ಎತ್ತರ ಎರಡು ಅಡಿ. ಅಂದರೆ ಸುಮಾರು 180, 60, 60 ಸೆಂಟಿಮೀಟರ್. ನೀರು 55 ಸೆಂಟಿಮೀಟರಿನವರೆಗೆ ನಿಂತರೆ ಅದರ ಪ್ರಮಾಣ ಸುಮಾರು 600 ಲೀಟರು, ತೂಕ 600 ಕಿಲೋಗ್ರಾಂ. ಜಮಖಂಡಿ, ಮುಧೋಳ, ಬೀಳಗಿ ಅಥವಾ ರಬಕವಿ-ಬನಹಟ್ಟಿಯ ಯಾವುದಾದರೊಂದು ಶಾಲೆಯ ಪ್ರಯೋಗಶಾಲೆಯಲ್ಲಿ ಇಂತಹ ತೊಟ್ಟಿಯಿದೆಯೆಂದು ಭಾವಿಸೋಣ. ಜಮಖಂಡಿಯ ಸೀಮೆಗೂ ರಬಕವಿಯ ಸೀಮೆಗೂ ಕೃಷ್ಣೆ ಹತ್ತಿರ, ಮುಧೋಳಕ್ಕೆ ಘಟಪ್ರಭೆ, ಬೀಳಗಿಗೆ ಆಲಮಟ್ಟಿಯ ಜಲಾಶಯದ ಹಿನ್ನೀರು. ಈ ನೀರುಗಳ ಗೆಂಡೆಯಂತಹ ಸಣ್ಣ ಮೀನುಗಳನ್ನೂ, ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಎಂಬ ನೀರುಗಿಡಗಳನ್ನೂ ತೊಟ್ಟಿಯಲ್ಲಿಡುವುದು ನಮ್ಮ ಉದ್ದೇಶ. ವ್ಯಾಲಿಸ್ನೇರಿಯಾ ಉದ್ದನೆಯ ರಿಬ್ಬನಿನಂತಹ ಎಲೆಗಳುಳ್ಳ ಗಿಡ. ಹೊಳೆಯೇ ಮನೆಯ ಮುಂದೆ ಹರಿಯುತ್ತಿರುವಾಗ ಚಿನ್ನದ ಮೀನನ್ನೇ ಸಾಕಬೇಕೆಂಬ ಹಟವು ನಮಗೆ ಅಷ್ಟಾಗಿ ಹಿಡಿಸದು.

ಬೆಳಕನ್ನು ಅಳೆಯುವುದಕ್ಕೆ ಎರಡು ಮಾನಗಳುಂಟು. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ‘ಲ್ಯೂಮೆನ್’ ಮನುಷ್ಯನ ಕಣ್ಣಿಗಾಗಿ ಹುಟ್ಟಿದ ಮಾನ. ನಮ್ಮ ಕಣ್ಣು 555 ನ್ಯಾನೋಮೀಟರ್ ತರಂಗಾಂತರದ ಹಳದಿಮಿಶ್ರಿತ ಹಸುರನ್ನು ಹೆಚ್ಚು ಚೆನ್ನಾಗಿ ಕಾಣುವುದರಿಂದ ಆ ಬಣ್ಣಕ್ಕೆ ಹೆಚ್ಚು ಅಂಕ, ಕಡು ಕೆಂಪಿಗೂ ಕಡು ನೀಲಿಗೂ ಕಡಿಮೆ ಅಂಕ. ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ‘ಲಕ್ಸ್’. ಗಿಡದ ಎಲೆಗಾದರೋ ಕಣ್ಣಿಲ್ಲ. ಅದು 400ರಿಂದ 700 ನ್ಯಾನೋಮೀಟರಿನವರೆಗಿನ ಬೆಳಕಿನ ಕಣಗಳನ್ನು, ಅಂದರೆ ಫೋಟಾನುಗಳನ್ನು, ಲೆಕ್ಕಕ್ಕೆ ತೆಗೆದುಕೊಳ್ಳುವುದು. ಆ ಕಣಗಳು ಎಣಿಸಲಾಗದಷ್ಟು ಇರುವುದರಿಂದ ರಸಾಯನಶಾಸ್ತ್ರದ ಮೋಲನ್ನೇ ಎರವಲು ತಂದು ‘ಮೈಕ್ರೋಮೋಲ್’ ಎಂದು ಎಣಿಸುವರು; ಒಂದು ಮೈಕ್ರೋಮೋಲೆಂದರೆ 6ರ ಮುಂದೆ 17 ಸೊನ್ನೆಗಳನ್ನಿಟ್ಟಷ್ಟು ಕಣಗಳು. ಬೇಸಗೆಯ ನಡುಹಗಲಿನ ಬಿಸಿಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ ಸುರಿಯುವುದು. ನೆರಳನ್ನು ಸಹಿಸುವ ವ್ಯಾಲಿಸ್ನೇರಿಯಾಕ್ಕೆ ತಳದಲ್ಲಿ 30ರಿಂದ 50 ಸಿಕ್ಕರೆ ಸಾಕು. ಬಿಳಿಯ ಎಲ್.ಇ.ಡಿ. ಬೆಳಕಿನಲ್ಲಿ ಸುಮಾರು 70 ಲಕ್ಸಿಗೆ ಒಂದು ಮೈಕ್ರೋಮೋಲೆಂದು ಹಿಡಿಯಬಹುದು. ನಾವು 40ನ್ನು ಆರಿಸಿಕೊಂಡರೆ ತಳದಲ್ಲಿ 2800 ಲಕ್ಸ್ ಇರಬೇಕಾಗುವುದು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ದೀಪದ ವಿಷಯ. ಎಲ್.ಇ.ಡಿ. ಎಂದರೆ ಬೆಳಕು ಸೂಸುವ ಡಯೋಡು. ಎರಡು ಬಗೆಯ ಅರೆವಾಹಕಗಳು ಕೂಡುವ ಸಂಧಿಯಲ್ಲಿ ಒಂದು ಕಡೆಯಿಂದ ಎಲೆಕ್ಟ್ರಾನುಗಳೂ ಇನ್ನೊಂದು ಕಡೆಯಿಂದ ಎಲೆಕ್ಟ್ರಾನಿನ ತೆರವುಗಳೂ ಬಂದು ಸೇರಿದಾಗ ಉಳಿದ ಶಕ್ತಿಯು ಬೆಳಕಾಗಿ ಹೊರಬರುವುದು. ಆ ಶಕ್ತಿ ಎಷ್ಟೆಂಬುದನ್ನು ಅರೆವಾಹಕ ವಸ್ತುವೇ ನಿರ್ಧರಿಸುವುದರಿಂದ ಒಂದು ಡಯೋಡಿಗೆ ಒಂದೇ ಬಣ್ಣ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಡಯೋಡನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಮಾಡಿ ತೋರಿಸಿದರು. ನೀಲಿ ಮಾತ್ರ ಬಹುಕಾಲ ಕೈಗೆ ಸಿಕ್ಕಲಿಲ್ಲ. ಜಪಾನಿನ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರ ಶ್ರಮದಿಂದ 1990ರ ದಶಕದಲ್ಲಿ ಪ್ರಖರವಾದ ನೀಲಿ ಡಯೋಡು ಸಿದ್ಧವಾಯಿತು; 2014ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು. ಇಂದಿನ ಬಿಳಿಯ ದೀಪವು ವಾಸ್ತವವಾಗಿ ನೀಲಿಯ ದೀಪವೇ. ಅದರ ಮೇಲೆ ಹಳದಿಯ ಪುಡಿಯೊಂದನ್ನು ಲೇಪಿಸಿರುವರು. ನೀಲಿಯ ಒಂದು ಪಾಲನ್ನು ಆ ಪುಡಿಯು ಹೀರಿ ಹಸುರು, ಹಳದಿ, ಕೆಂಪುಗಳ ಅಗಲವಾದ ಪಟ್ಟೆಯಾಗಿ ಹೊರಗೆಡಹುವುದು. ಉಳಿದ ನೀಲಿಯೊಡನೆ ಸೇರಿ ಕಣ್ಣಿಗೆ ಬಿಳಿಯಾಗಿ ತೋರುವುದು. ಹಳೆಯ ಸಿ.ಡಿ. ತಟ್ಟೆಯೊಂದನ್ನು ಓರೆಯಾಗಿ ಹಿಡಿದು ದೂರದ ದೀಪದ ಪ್ರತಿಬಿಂಬವನ್ನು ನೋಡಿದರೆ ಇದು ಪ್ರತ್ಯಕ್ಷವಾಗುವುದು: ಒಂದು ಕೊನೆಯಲ್ಲಿ ಗಟ್ಟಿಯಾದ ನೀಲಿ, ಅದರ ಪಕ್ಕದಲ್ಲಿ ಮಸುಕಾದೊಂದು ಕಂದಕ, ಅನಂತರ ಹಸುರಿನಿಂದ ಕೆಂಪಿನವರೆಗೆ ಹರಡಿದ ಬೆಳಕು.

ದೀಪವು ನೀರಿನ ಮೇಲೆ, ಗಿಡವು ನೀರಿನ ಕೆಳಗೆ. ನಡುವೆ ಬೆಳಕು ಎಷ್ಟು ಕಡಿಮೆಯಾಗುವುದು? ಈ ಪ್ರಶ್ನೆ ಕೇಳಿದರೆ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ, “ದೂರದ ವರ್ಗಕ್ಕೆ ವಿಲೋಮವಾಗಿ” ಎಂದು ಉತ್ತರಿಸುವರು. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುವುದೆಂದು ಲೆಕ್ಕಹಾಕಿ, ತಳಕ್ಕೆ ಬೆಳಕು ಮುಟ್ಟಲಾರದೆಂದು ಹೆದರಿ, ಬೇಕಾದುದರ ಮೂರರಷ್ಟು ದೀಪ ಕೊಳ್ಳುವವರೂ ಉಂಟು. ಆ ನಿಯಮ ಸತ್ಯವೇ. ಆದರೆ ಅದು ಒಂದು ಬಿಂದುವಿನಿಂದ ಹೊರಟು ತಡೆಯಿಲ್ಲದೆ ಎಲ್ಲ ದಿಕ್ಕಿಗೂ ಹರಡುವ ಬೆಳಕಿಗೆ ಅನ್ವಯಿಸತಕ್ಕದ್ದು. ನಮ್ಮ ದೀಪ ಬಿಂದುವಲ್ಲ, ನಾಲ್ಕು ಅಡಿಯ ಕೊಳವೆ. ಅದಕ್ಕಿಂತಲೂ ಮುಖ್ಯವಾಗಿ, ನಮ್ಮ ಬೆಳಕಿಗೆ ತಡೆಯುಂಟು: ಗಾಜಿನ ಗೋಡೆ.

ಇದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಗಾಳಿಯಿಂದ ನೀರಿಗೆ ಇಳಿಯುವ ಕಿರಣವು ಲಂಬದ ಕಡೆಗೆ ಬಾಗುವುದೆಂಬುದು ಪಾಠಪುಸ್ತಕದ ಸಂಗತಿ. ನೀರಿನ ವಕ್ರೀಭವನಾಂಕ 1.33. ಇದರಿಂದ ನೀರಿಗೂ ಗಾಳಿಗೂ ನಡುವಣ ಕ್ರಾಂತಿಕೋನ ಸುಮಾರು 49 ಡಿಗ್ರಿಯೆಂದು ಸಿದ್ಧವಾಗುವುದು. ನೀರಿನೊಳಗಿನಿಂದ ಗೋಡೆಯನ್ನು ಈ ಕೋನಕ್ಕಿಂತ ಹೆಚ್ಚು ಓರೆಯಾಗಿ ಮುಟ್ಟಿದ ಕಿರಣವು ಹೊರಗೆ ಹೋಗಲಾರದು. ಪೂರ್ಣವಾಗಿ ಒಳಕ್ಕೇ ಪ್ರತಿಫಲಿಸುವುದು. ನಡುವೆ ಗಾಜಿದ್ದರೂ ಅದರ ಎರಡು ಮುಖಗಳೂ ಸಮಾನಾಂತರವಾಗಿರುವುದರಿಂದ ಈ ತೀರ್ಮಾನ ಬದಲಾಗದು. ಹಾಗಾದರೆ ಮೇಲಿನಿಂದ ಬಂದ ಕಿರಣಗಳಲ್ಲಿ ಯಾವುವು ಹೀಗೆ ಸೆರೆಯಾಗುವುವು? ನೀರಿನಲ್ಲಿ ಲಂಬದಿಂದ 41 ಡಿಗ್ರಿಯೊಳಗೆ ಇಳಿಯುವ ಎಲ್ಲವೂ. ಇದನ್ನು ಗಾಳಿಗೆ ತಿರುಗಿಸಿ ಲೆಕ್ಕಮಾಡಿದರೆ, ದೀಪದಿಂದ ಲಂಬಕ್ಕೆ ಸುಮಾರು 61 ಡಿಗ್ರಿಯೊಳಗೆ ಹೊರಟ ಬೆಳಕೆಲ್ಲವೂ ಎಂದಾಗುವುದು. ಎಂದರೆ ಕೆಳಮುಖವಾಗಿ ಹೊರಟ ಬೆಳಕಿನ ಬಹುಭಾಗವು ಗೋಡೆಯಿಂದ ಗೋಡೆಗೆ ಪುಟಿದು ತಳವನ್ನು ಸೇರುವುದು. ತೊಟ್ಟಿಯ ಮುಂದೆ ನಿಂತು ಓರೆಯಾಗಿ ನೋಡಿದರೆ ಪಕ್ಕದ ಗಾಜು ಕನ್ನಡಿಯಂತೆ ಹೊಳೆಯುವುದನ್ನೂ, ಒಂದು ಮೀನು ಎರಡಾಗಿ ಕಾಣುವುದನ್ನೂ ಎಲ್ಲರೂ ನೋಡಿರುವರು. ಆ ಎರಡನೆಯ ಮೀನೇ ಈ ವಾದಕ್ಕೆ ಸಾಕ್ಷಿ. ನೀರು ತುಂಬಿದ ತೊಟ್ಟಿಯು ಬೆಳಕಿಗೆ ಒಂದು ಕೊಳವೆ. ಅದರಲ್ಲಿ ವರ್ಗದ ವಿಲೋಮ ನಿಯಮವನ್ನು ಹಚ್ಚುವುದು ಕಾಲುವೆಯ ನೀರಿಗೆ ಮಳೆಯ ಲೆಕ್ಕ ಹಚ್ಚಿದಂತೆ. ಆದರೆ ಗಾಜಿನ ಒಳಮೈಗೆ ಪಾಚಿ ಕಟ್ಟಿದರೆ ಅದು ಪ್ರತಿ ಪುಟಿತದಲ್ಲಿಯೂ ತನ್ನ ಪಾಲನ್ನು ವಸೂಲು ಮಾಡುವುದು. ಗಾಜನ್ನು ಒರೆಸುವುದು ಅಂದಕ್ಕಾಗಿ ಮಾತ್ರವಲ್ಲ.

ಗೋಡೆ ಬೆಳಕನ್ನು ಹೊರಗೆ ಬಿಡದಿದ್ದರೂ ನೀರು ತಾನೇ ಅದನ್ನು ಹೀರಬಹುದಲ್ಲವೇ? ಇಲ್ಲಿ ಸರ್ ಸಿ. ವಿ. ರಾಮನ್ನರ ನೆನಪು ಬರುವುದು. 1921ರಲ್ಲಿ ಅವರು ಇಂಗ್ಲೆಂಡಿನಿಂದ ‘ನರ್ಕುಂಡಾ’ ಎಂಬ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಪರೀಕ್ಷಿಸಿ, ಅದು ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದರಿಸುವುದರಿಂದ ಹುಟ್ಟುವ ಬಣ್ಣವೆಂದು ತೋರಿಸಿದರು. ನೀರು ಕೆಂಪನ್ನು ಹೀರುವುದೂ ಆ ನೀಲಿಗೆ ನೆರವಾಗುವುದು. 650 ನ್ಯಾನೋಮೀಟರಿನ ಕೆಂಪು ಬೆಳಕು ಸಮುದ್ರದಲ್ಲಿ 20 ಮೀಟರ್ ಇಳಿಯುವಷ್ಟರಲ್ಲಿ ಸಾವಿರದಲ್ಲಿ ಒಂದು ಪಾಲಿನಷ್ಟು ಉಳಿಯುವುದು. ಹವಳದೊಡನೆ ಬಾಳುವ ಸೂಕ್ಷ್ಮ ಪಾಚಿಗಳು ಹೀಗೆ ಉಳಿದ ನೀಲಿಯಲ್ಲಿ ಬದುಕಲು ಹೊಂದಿಕೊಂಡಿರುವುದರಿಂದ ಹವಳದ ತೊಟ್ಟಿಗಳಿಗೆ ಕಡು ನೀಲಿಯ ದೀಪಗಳನ್ನು ಮಾರುವರು. ಅದನ್ನು ನೋಡಿ ನದಿಯ ಮೀನಿನ ತೊಟ್ಟಿಗೂ ನೀಲಿಯೇ ಶ್ರೇಷ್ಠವೆಂದು ತಿಳಿಯುವುದು ತಪ್ಪು. ನಮ್ಮ ತೊಟ್ಟಿಯ ಆಳ 55 ಸೆಂಟಿಮೀಟರ್ ಮಾತ್ರ. ಅಷ್ಟರಲ್ಲಿ ಶುದ್ಧವಾದ ನೀರು ಹೀರುವ ಕೆಂಪು ಆರರಲ್ಲಿ ಒಂದು ಪಾಲು; ನೀಲಿಯಾದರೋ ನೂರಕ್ಕೆ ಒಂದು ಪಾಲೂ ಇಲ್ಲ.

ಅಲ್ಲದೆ, ನದಿಯ ನೀರು ಸಮುದ್ರದ ನೀರಿನಂತಲ್ಲ. ಕೊಳೆತ ಎಲೆಕಡ್ಡಿಗಳಿಂದ ಕರಗಿದ ಹಳದಿಗಂದು ದ್ರವ್ಯವೂ ಎರೆಮಣ್ಣಿನ ಕಣಗಳೂ ಅದರಲ್ಲಿರುವುವು. ಇವು ಮೊದಲು ನುಂಗುವುದು ನೀಲಿಯನ್ನೇ. ಹೊಳೆಯ ಗಿಡಕ್ಕೆ ಮುಟ್ಟುವುದು ಹಸುರು, ಹಳದಿ, ಕೆಂಪುಗಳೇ ಹೆಚ್ಚಾದ ಬೆಳಕು. ನೀರು ಎಷ್ಟು ತಿಳಿಯೆಂಬುದನ್ನು ಅಳೆಯಲು ಇಟಲಿಯ ಸೆಕ್ಕಿ ಎಂಬ ವಿಜ್ಞಾನಿಯು 1865ರಲ್ಲಿ ಬಿಳಿಯ ತಟ್ಟೆಯೊಂದನ್ನು ಹಗ್ಗದಿಂದ ಇಳಿಬಿಟ್ಟು, ಅದು ಯಾವ ಆಳದಲ್ಲಿ ಕಣ್ಮರೆಯಾಗುವುದೆಂದು ನೋಡಿದನು. ಜಮಖಂಡಿಯ ಸೀಮೆಯ ರೈತರು ತಾವೇ ಹಣ ಕೂಡಿಸಿ, ಶ್ರಮದಾನಮಾಡಿ 1989ರಲ್ಲಿ ಮುಗಿಸಿದ ಚಿಕ್ಕಪಡಸಲಗಿಯ ಬ್ಯಾರೇಜಿನ ಹಿಂದೆ ನಿಂತ ನೀರಿನಲ್ಲಿ ಇದೇ ಪ್ರಯೋಗವನ್ನು ಮಾಗಿಯಲ್ಲೊಮ್ಮೆ, ಮಳೆಗಾಲದ ಕೆಂಪು ನೀರು ಬಂದಾಗ ಇನ್ನೊಮ್ಮೆ, ಹಿರಿಯರ ಜೊತೆಯಲ್ಲಿ ದಡದಿಂದಲೇ ಮಾಡಿನೋಡಬಹುದು. ಎರಡು ಅಳತೆಗಳನ್ನು ಹೋಲಿಸಿದವರಿಗೆ, ಈ ಗಿಡಗಳು ಕಡಿಮೆ ಬೆಳಕಿಗೆ ಏಕೆ ಒಗ್ಗಿಕೊಂಡಿವೆಯೆಂದು ಬೇರೆ ಹೇಳಬೇಕಾಗಿಲ್ಲ.

ಬಣ್ಣದ ಮಾತು ಇಷ್ಟಕ್ಕೆ ಮುಗಿಯದು. ‘ಗಿಡದ ದೀಪ’ವೆಂದು ಕೆನ್ನೀಲಿಯಾಗಿ ಬೆಳಗುವ ದೀಪಗಳೂ ಮಾರಾಟಕ್ಕಿರುವುವು. ಪತ್ರಹರಿತ್ತು ಕೆಂಪನ್ನೂ ನೀಲಿಯನ್ನೂ ಹೆಚ್ಚಾಗಿ ಹೀರಿ ಹಸುರನ್ನು ಬಿಟ್ಟುಬಿಡುವುದರಿಂದ ಹಸುರು ವ್ಯರ್ಥವೆಂಬುದು ಅವುಗಳ ಹಿಂದಿನ ತರ್ಕ. ಪತ್ರಹರಿತ್ತನ್ನು ಎಲೆಯಿಂದ ಕರಗಿಸಿ ತೆಗೆದು ಗಾಜಿನ ನಳಿಗೆಯಲ್ಲಿ ಪರೀಕ್ಷಿಸಿದರೆ ಇದು ದಿಟವೆನಿಸುವುದು. ಆದರೆ ಇಡೀ ಎಲೆ ಬೇರೆ. ಮೆಕ್ರೀ ಎಂಬ ವಿಜ್ಞಾನಿಯು 1972ರಲ್ಲಿ ಅನೇಕ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ, ಹಸುರು ಬೆಳಕೂ ದ್ಯುತಿಸಂಶ್ಲೇಷಣೆಗೆ ಸಾಕಷ್ಟು ಒದಗುವುದೆಂದು ತೋರಿಸಿದನು. ಎಲೆಯೊಳಗೆ ಅತ್ತಿತ್ತ ಚದರುವ ಹಸುರಿನ ಕಣವು ಕೊನೆಗೆಲ್ಲೋ ಪತ್ರಹರಿತ್ತಿಗೆ ಸಿಕ್ಕಿಬೀಳುವುದು. ಆದುದರಿಂದ ಸಾಧಾರಣವಾದ ಬಿಳಿಯ ಬೆಳಕು ಗಿಡಕ್ಕೆ ಯಾವ ಕೊರತೆಯನ್ನೂ ಮಾಡದು.

ನೋಡುವವರ ಕಣ್ಣಿಗೂ ಒಂದು ಹಕ್ಕಿದೆಯಷ್ಟೆ. ರಬಕವಿ-ಬನಹಟ್ಟಿಯ ನೇಕಾರರಿಗೆ ಈ ಸಂಗತಿಯನ್ನು ನಾವು ಕಲಿಸಬೇಕಾಗಿಲ್ಲ. ಸೀರೆಯ ಬಣ್ಣವನ್ನು ದೀಪದಲ್ಲಿ ನೋಡಿ ಒಪ್ಪದೆ ಬಾಗಿಲಿಗೆ ತಂದು ಹಗಲಿನ ಬೆಳಕಿಗೆ ಹಿಡಿಯುವುದು ಬಟ್ಟೆಯನ್ನು ಬಲ್ಲವರ ಪದ್ಧತಿ. ಒಂದೇ ಎನಿಸಿದ ಎರಡು ನೂಲು ಬಿಸಿಲಿನಲ್ಲಿ ಬೇರೆಯಾಗಿ ಕಾಣುವುದಕ್ಕೆ ಕಾರಣ, ದೀಪದ ವರ್ಣಪಟಲದಲ್ಲಿ ಕೆಲವು ಬಣ್ಣಗಳು ಕಡಿಮೆಯಾಗಿರುವುದೇ. ಇಲ್ಲದ ಬಣ್ಣವನ್ನು ನೂಲು ಹೇಗೆ ಹಿಂದಿರುಗಿಸೀತು? ಮೀನಿನ ಹೊಳಪೂ ಅಷ್ಟೆ. ಕೆನ್ನೀಲಿಯ ದೀಪದ ಕೆಳಗೆ ಗೆಂಡೆಯ ಬೆಳ್ಳಿಮೈ ಹೆಣದ ಬಣ್ಣಕ್ಕೆ ತಿರುಗುವುದು. ಈ ಗುಣವನ್ನು ತಿಳಿಸಲು ಪೆಟ್ಟಿಗೆಯ ಮೇಲೆ ‘ಸಿ.ಆರ್.ಐ.’ ಎಂಬ ಅಂಕವನ್ನು ಮುದ್ರಿಸುವರು. ಅದರ ಗರಿಷ್ಠ ಮಿತಿ 100. 80 ಇದ್ದರೆ ಸಾಕು, 90 ಇದ್ದರೆ ಉತ್ತಮ. ಪಕ್ಕದಲ್ಲಿರುವ 3000, 4000, 6500 ಎಂಬ ಕೆಲ್ವಿನ್ ಅಂಕಗಳು ಬೆಳಕಿನ ಛಾಯೆಯನ್ನು ಮಾತ್ರ ಹೇಳುವುವು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಕಾದಷ್ಟೂ ಕೆಂಪಿನಿಂದ ಬಿಳುಪಿಗೆ ತಿರುಗುವಂತೆ, ಅಂಕ ಹೆಚ್ಚಿದಷ್ಟೂ ಛಾಯೆಯು ನೀಲಿಯ ಕಡೆಗೆ ಸರಿಯುವುದು. ನಮ್ಮ ತೊಟ್ಟಿಗೆ 4000ರಿಂದ 6500ರವರೆಗೆ ಯಾವುದಾದರೂ ಆಗಬಹುದು. ಕೆಂಪು ಸ್ವಲ್ಪ ಹೆಚ್ಚಾಗಿರುವ 4000ವನ್ನು ನಾವು ಮೆಚ್ಚುವೆವು.

ಈಗ ಲೆಕ್ಕವನ್ನು ಮುಗಿಸಬಹುದು. ತಳದ ವಿಸ್ತಾರ 1.8 ಮೀಟರ್ ಗುಣಿಸು 0.6 ಮೀಟರ್, ಅಂದರೆ 1.08 ಚದರ ಮೀಟರ್. ಪ್ರತಿ ಚದರ ಮೀಟರಿಗೆ 2800 ಲ್ಯೂಮೆನಿನಂತೆ ತಳಕ್ಕೆ ಬೇಕಾದದ್ದು ಸುಮಾರು 3000 ಲ್ಯೂಮೆನ್. ಮುಚ್ಚಳದ ಗಾಜು, ನೀರಿನ ಮೇಲ್ಮೈ, ತೊಟ್ಟಿಯ ಹೊರಗೆ ಚೆಲ್ಲಿಹೋಗುವ ಬೆಳಕು, ಮೇಲಿನ ಎಲೆಗಳ ನೆರಳು, ನೀರಿನ ಕಣಗಳು ಇವೆಲ್ಲಕ್ಕೂ ಸೇರಿ ಅರ್ಧ ಕಳೆಯುವುದೆಂದು ಹಿಡಿದರೆ ದೀಪವು 6000 ಲ್ಯೂಮೆನ್ ಕೊಡಬೇಕು. ವ್ಯಾಟಿಗೆ 100 ಲ್ಯೂಮೆನ್ ಕೊಡುವ ಎಲ್.ಇ.ಡಿ. ಕೊಳವೆ ಈಗ ಎಲ್ಲ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿಯೂ ದೊರೆಯುವುದು. ಎಂದರೆ ಒಟ್ಟು 60 ವ್ಯಾಟು. 20 ವ್ಯಾಟಿನ ನಾಲ್ಕಡಿಯ ಮೂರು ಕೊಳವೆಗಳು. ‘ಅಕ್ವೇರಿಯಂ’ ಎಂಬ ಹೆಸರು ಬರೆದ ದುಬಾರಿಯ ದೀಪವೇ ಆಗಬೇಕೆಂಬ ನಿಯಮವೇನೂ ಇಲ್ಲ.

ಈ ಲೆಕ್ಕವನ್ನು ಪರೀಕ್ಷಿಸಲು ಬಯಸುವವರು ನೀರು ತುಂಬುವ ಮೊದಲು ಒಣ ತೊಟ್ಟಿಯ ತಳದಲ್ಲಿ ಮೊಬೈಲ್ ಫೋನನ್ನು ಮೇಲ್ಮುಖವಾಗಿಟ್ಟು, ಲಕ್ಸ್ ತೋರಿಸುವ ಆ್ಯಪಿನಿಂದ ಅಳೆಯಬಹುದು. ನಡುವೆ ಎಷ್ಟು, ಮೂಲೆಗಳಲ್ಲಿ ಎಷ್ಟು ಎಂದು ಹೋಲಿಸುವುದಕ್ಕೆ ಅದು ಸಾಕು. ನಿಖರವಾದ ಉಪಕರಣವೆಂದು ನಂಬಬಾರದು. ಒಣ ತೊಟ್ಟಿಯಲ್ಲಿ ಗೋಡೆಗಳು ಕನ್ನಡಿಗಳಾಗಿರುವುದಿಲ್ಲವಾದ್ದರಿಂದ ಅಳತೆಯು ಸ್ವಲ್ಪ ಕಡಿಮೆಯೇ ಬರುವುದು. ಏಕೆಂಬುದನ್ನು ಈಗ ವಾಚಕರೇ ಹೇಳಬಲ್ಲರು.

ಬೆಳಕು ಹೆಚ್ಚಾದರೆ ನಷ್ಟವೇನು ಎಂದು ಕೇಳಬಹುದು. ನಷ್ಟವು ಮೀನಿನ ಪ್ರಾಣದವರೆಗೂ ಹೋಗುವುದುಂಟು. 1905ರಲ್ಲಿ ಬ್ಲ್ಯಾಕ್‌ಮನ್ ಎಂಬ ಸಸ್ಯಶಾಸ್ತ್ರಜ್ಞನು ಒಂದು ತತ್ತ್ವವನ್ನು ಹೇಳಿದನು: ಬೆಳವಣಿಗೆಗೆ ಬೇಕಾದ ಅನೇಕ ಕಾರಣಗಳಲ್ಲಿ ಯಾವುದು ಅತ್ಯಂತ ಕೊರತೆಯಲ್ಲಿದೆಯೋ ಅದೇ ವೇಗವನ್ನು ನಿಲ್ಲಿಸುವುದು. ಕಬ್ಬಿಗೆ ಗೊಬ್ಬರವಿಲ್ಲದೆ ನೀರನ್ನಷ್ಟೇ ಹರಿಸಿದರೆ ಫಲವಿಲ್ಲವೆಂಬುದನ್ನು ಮುಧೋಳದ ರೈತನು ಬ್ಲ್ಯಾಕ್‌ಮನ್ನನ ಹೆಸರು ಕೇಳದೆಯೇ ಬಲ್ಲನು. ತೊಟ್ಟಿಯಲ್ಲಿ ಬೆಳಕು ಒಂದು ಮಿತಿಯನ್ನು ದಾಟಿದ ಮೇಲೆ ದೊಡ್ಡ ಗಿಡಗಳಿಗೆ ಇಂಗಾಲಾಮ್ಲ ವಾಯುವಿನ ಕೊರತೆ ತಲೆದೋರುವುದು. ಮಿಕ್ಕ ಬೆಳಕನ್ನು ಹಾವಸೆ, ಅಂದರೆ ಸೂಕ್ಷ್ಮವಾದ ಪಾಚಿ, ಕಬಳಿಸುವುದು. ಕಬ್ಬಿನ ಗದ್ದೆಗಳ ನಡುವಿನ ಬಾವಿಯ ನೀರಿನಲ್ಲಿ ಗೊಬ್ಬರದ ನೈಟ್ರೇಟು ಸೇರಿರುವುದುಂಟು. ಅಂತಹ ನೀರನ್ನು ತುಂಬಿದ್ದರೆ ಹಾವಸೆಗೆ ಹಬ್ಬ. ನೀರು ಹಸುರು ರಾಡಿಯಾಗುವುದು. ಹಗಲೆಲ್ಲ ಹಾವಸೆಯು ಆಮ್ಲಜನಕವನ್ನು ಬಿಡುವುದು ನಿಜ. ಆದರೆ ದೀಪವಾರಿದ ಮೇಲೆ ಅದೂ ಮೀನಿನಂತೆಯೇ ಉಸಿರಾಡಬೇಕಷ್ಟೆ. ರಾತ್ರಿಯಿಡೀ ಆಮ್ಲಜನಕ ಖರ್ಚಾಗುತ್ತ ಹೋಗಿ ಬೆಳಗಿನ ಜಾವಕ್ಕೆ ಅದು ಅತ್ಯಂತ ಕಡಿಮೆಯ ಮಟ್ಟಕ್ಕೆ ಬರುವುದು.

ನಮ್ಮ ಸೀಮೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ ಇದು ಇನ್ನೂ ವಿಷಮ. ಸಮುದ್ರಮಟ್ಟದ ಒತ್ತಡದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. 32 ಡಿಗ್ರಿಯಲ್ಲಿ 7.3 ಮಾತ್ರ. ಬೆಚ್ಚನೆಯ ನೀರಿನಲ್ಲಿ ಮೀನಿಗೆ ಉಸಿರಿನ ಅಗತ್ಯವೂ ಹೆಚ್ಚು. ಮುಂಜಾನೆ ಮೀನುಗಳೆಲ್ಲ ನೀರಿನ ಮೇಲೆ ಬಂದು ಬಾಯಿ ತೆರೆದು ನಿಂತರೆ ಅವು ಆಹಾರ ಕೇಳುತ್ತಿವೆಯೆಂದು ತಿಳಿಯಬಾರದು. ಗಾಳಿಯ ಪಂಪನ್ನು ಕೂಡಲೇ ಹಾಕಬೇಕು. ರಾತ್ರಿ ವಿದ್ಯುತ್ತು ನಿಂತುಹೋಗುವ ಊರುಗಳಲ್ಲಿ ಬ್ಯಾಟರಿಯ ಸಣ್ಣ ಪಂಪೊಂದಿರುವುದು ಹೆಚ್ಚುವರಿ ದೀಪಕ್ಕಿಂತ ಎಷ್ಟೋ ಮೇಲು.

ದೀಪದ ಬಿಸಿಯಿಂದ ನೀರು ಕಾಯುವುದೋ ಎಂಬ ಅನುಮಾನವನ್ನೂ ಲೆಕ್ಕದಿಂದಲೇ ಬಗೆಹರಿಸೋಣ. 60 ವ್ಯಾಟು ಎಂಟು ಗಂಟೆ ಉರಿದರೆ ಸುಮಾರು 17 ಲಕ್ಷ ಜೂಲು. ಒಂದಿಷ್ಟೂ ಹೊರಹೋಗದೆ ಎಲ್ಲವೂ 600 ಕಿಲೋಗ್ರಾಂ ನೀರಿಗೇ ಸೇರಿದರೂ ಉಷ್ಣತೆಯ ಏರಿಕೆ 0.7 ಡಿಗ್ರಿ. ವಾಸ್ತವದಲ್ಲಿ ಅಷ್ಟೂ ಆಗದು. ಹಿಂದೆ ಇಂತಹ ತೊಟ್ಟಿಗಳಿಗೆ ಹಾಕುತ್ತಿದ್ದ 250 ವ್ಯಾಟಿನ ಎರಡು ಲೋಹದ ಹ್ಯಾಲೈಡ್ ದೀಪಗಳಿಗೆ ಇದೇ ಲೆಕ್ಕ ಹಾಕಿದರೆ 5.7 ಡಿಗ್ರಿ ಬರುವುದು.

ಕೊಳವೆಗಳನ್ನು ಜೋಡಿಸುವಾಗ ಒಂದನ್ನು ಎಡತುದಿಗೂ ಒಂದನ್ನು ಬಲತುದಿಗೂ ಸರಿಸಿ, ಮೂರನೆಯದನ್ನು ಹಿಂಬದಿಯಲ್ಲಿ ನಡುವೆ ಇಟ್ಟರೆ ಆರಡಿಯ ಉದ್ದಕ್ಕೂ ಬೆಳಕು ಹರಡುವುದು. ಮೀನಿಗೆ ರೆಪ್ಪೆಯಿಲ್ಲ, ಹೊಳಪಿನಿಂದ ತಪ್ಪಿಸಿಕೊಳ್ಳಲು ಒಂದು ಮೂಲೆಯಲ್ಲಾದರೂ ಕಲ್ಲಿನ ಅಥವಾ ಎಲೆಯ ನೆರಳಿರಬೇಕು. ಕತ್ತಲೆಯಲ್ಲಿ ದೀಪವನ್ನು ಒಮ್ಮೆಗೇ ಹಾಕಿದರೆ ಬೆದರಿ ಗಾಜಿಗೆ ಬಡಿದುಕೊಳ್ಳುವುವು. ಮೊದಲು ಕೋಣೆಯ ದೀಪ, ಕೆಲವು ನಿಮಿಷಗಳ ಮೇಲೆ ತೊಟ್ಟಿಯ ದೀಪ. ನೀರಿನ ಮೇಲೆ 230 ವೋಲ್ಟಿನ ತಂತಿ ತೂಗುತ್ತಿರುವುದು ಆಟದ ಮಾತಲ್ಲ. ದೀಪಕ್ಕೂ ನೀರಿಗೂ ನಡುವೆ ಗಾಜಿನ ಮುಚ್ಚಳವಿರಬೇಕು. ತಂತಿಯು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರಬೇಕು, ಹನಿದ ನೀರು ಆ ತಗ್ಗಿನಿಂದಲೇ ನೆಲಕ್ಕೆ ಬೀಳುವುದು. 30 ಮಿಲಿಆಂಪಿಯರ್ ಸೋರಿದೊಡನೆ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವು ಆ ಸಾಲಿನಲ್ಲಿರಬೇಕು. ತೊಟ್ಟಿಯೊಳಗೆ ಕೈಯಿಡುವ ಮುನ್ನ ಪ್ಲಗ್ಗನ್ನು ಕೀಳಬೇಕು.

ದೀಪ ಉರಿಯುವ ಅವಧಿಯನ್ನು ಮನುಷ್ಯನ ನೆನಪಿಗೆ ಬಿಡದೆ ಟೈಮರಿಗೆ ಒಪ್ಪಿಸುವುದು ಲೇಸು. ಹೊಸ ತೊಟ್ಟಿಗೆ ಮೊದಲ ತಿಂಗಳು ದಿನಕ್ಕೆ ಆರು ಗಂಟೆ, ಗಿಡಗಳು ಬೇರು ಹಿಡಿದ ಮೇಲೆ ಎಂಟು. ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತಿದ್ದರೆ ಈ ಲೆಕ್ಕವೆಲ್ಲ ಕೆಡುವುದರಿಂದ ಆ ಕಡೆ ಪರದೆ ಕಟ್ಟಬೇಕು. ಮೊದಲ ಕೆಲವು ವಾರಗಳಲ್ಲಿ ಗಾಜಿನ ಮೇಲೆ ಕಂದು ಬಣ್ಣದ ತೆಳು ಪೊರೆ ಕಾಣಿಸಿಕೊಂಡರೆ ಗಾಬರಿಬೇಡ. ಅದು ಸಾಮಾನ್ಯವಾಗಿ ತಾನೇ ಹೋಗುವುದು. ಹಸುರು ಹಾವಸೆ ಹೆಚ್ಚುತ್ತ ನಡೆದರೆ ದೀಪವನ್ನು ಬದಲಿಸುವ ಮುನ್ನ ಟೈಮರಿನಲ್ಲಿ ಎರಡು ಗಂಟೆ ಕಡಿಮೆಮಾಡಿ, ನೀರಿನ ಮೂರರಲ್ಲೊಂದು ಪಾಲನ್ನು ಬದಲಿಸಿ, ಎರಡು ವಾರ ಕಾದು ನೋಡಬೇಕು.